ಒಳಗೆ ಯಾರೂ ಇಲ್ಲ

ಆ ಲಾಂಡ್ರಿಯಲ್ಲಿ ಮೆಲ್ಲಗೆ ಮಾತಾಡಿದವರನ್ನು ಕಂಡವರಿಲ್ಲ. ಒಗೆಯುವ ಯಂತ್ರಗಳು ಒಂದು ಕಡೆ ಗಡಗಡ ಎನ್ನುತ್ತವೆ, ಹಿಂಡುವ ಯಂತ್ರ ಇನ್ನೊಂದು ಕಡೆ ಕಿವಿಗಡಚಿಕ್ಕುತ್ತದೆ. ಆಸ್ಪತ್ರೆಯ ಹಾಸುಬಟ್ಟೆ, ಹೋಟೆಲುಗಳ ಟವಲು, ಮೇಜಿನ ಹೊದಿಕೆ ಎಲ್ಲ ಬರುವುದು ಇಲ್ಲಿಗೇ. ಇಲ್ಲಿ ದುಡಿಯುವವರು ಮನೆಗೆ ಹೋದ ಮೇಲೂ ನೀರು ಕೊಡು ಎನ್ನುವುದನ್ನು ಕೂಗಿಯೇ ಹೇಳುತ್ತಾರೆ. ಪಕ್ಕದ ಮನೆಯವರು ಜಗಳ ಶುರುವಾಯಿತು ಎಂದು ಕಿಟಕಿಗೆ ಬಂದು ನಿಲ್ಲುತ್ತಾರೆ.

ಲಾಂಡ್ರಿಯನ್ನು ಕಟ್ಟಿದವರು ಅಣ್ಣತಮ್ಮ ಇಬ್ಬರು. ಅಣ್ಣ ತೀರಿಕೊಂಡ ಮೇಲೆ ತಮ್ಮನೇ ಯಜಮಾನ. ಅವನ ಹೆಂಡತಿ ಆಫೀಸು ನೋಡಿಕೊಳ್ಳುತ್ತಾಳೆ. ಅಣ್ಣನ ಹೆಂಡತಿ ಹಿಂದಿನ ಇಸ್ತ್ರಿ ಕೋಣೆಯಲ್ಲಿ. ಯಜಮಾನ ಅವರನ್ನು ಅತ್ತಿಗೆ ಎಂದು ಕರೆಯುತ್ತಾನೆ, ಅದನ್ನು ಕೇಳಿ ಕೇಳಿ ಇಡೀ ಲಾಂಡ್ರಿಗೇ ಅವರು ಅತ್ತಿಗೆ.

ಅತ್ತಿಗೆಗೆ ಕಿವಿ ಕೇಳುವುದಿಲ್ಲ. ಹುಟ್ಟಿನಿಂದ ಹಾಗಿರಲಿಲ್ಲ. ಲಾಂಡ್ರಿ ಶುರುವಾದಾಗ ಹಿಂಡುವ ಯಂತ್ರದ ಪಕ್ಕ ನಿಲ್ಲುತ್ತಿದ್ದವರು ಅವರೇ. ಕಿವಿಗೆ ಏನಾದರೂ ಕಾಪು ಬೇಕು ಎಂದು ಆಗ ಯಾರಿಗೂ ಹೊಳೆಯಲಿಲ್ಲ. ಬರಬರುತ್ತಾ ಕಿವಿ ಮಂದವಾಯಿತು, ಆಮೇಲೆ ಪೂರ್ತಿ ಹೋಯಿತು.

ಆದರೆ ಅವರ ಕೆಲಸ ನಿಲ್ಲಲಿಲ್ಲ. ಮಗಳು ಒಂದು ಫೋನು ತಂದುಕೊಟ್ಟು, ಅದರಲ್ಲಿ ಅಕ್ಷರಗಳನ್ನು ಹೆಬ್ಬೆರಳಿನಷ್ಟು ದಪ್ಪ ಮಾಡಿಟ್ಟಿದ್ದಳು. ಎದುರಿಗಿದ್ದವರು ಮಾತಾಡಿದರೆ ಫೋನು ಅದನ್ನು ಬರೆದು ತೋರಿಸುತ್ತಿತ್ತು. ಸಂದೇಶ ಬಂದರೆ, ಫೋನಿಗೆ ಜೋಡಿಸಿ ಮಣಿಕಟ್ಟಿಗೆ ಕಟ್ಟಿಕೊಂಡಿದ್ದ ಪಟ್ಟಿ ನಡುಗುತ್ತಿತ್ತು. ಫೋನಿಗೆ ಒಂದು ಬಟ್ಟೆ ಚೀಲ ಹೊಲಿದುಕೊಂಡು ಕುತ್ತಿಗೆಗೆ ನೇತು ಹಾಕಿಕೊಂಡಿದ್ದರು ಅತ್ತಿಗೆ.

"ಇದು ಫೋನಲ್ಲಪ್ಪ, ನನ್ನ ಕಿವಿ. ನಿಮ್ಮದೆಲ್ಲ ತಲೆಯ ಪಕ್ಕ ಇದೆ, ನಂದು ಎದೆ ಮೇಲಿದೆ, ಅಷ್ಟೇ," ಎಂದು ನಗುತ್ತಿದ್ದರು.

ಆಗ ಲಾಂಡ್ರಿಯಲ್ಲಿ ಹೇಳಬೇಕಾದ್ದೆಲ್ಲ ಸಾದಾ ಸಂದೇಶವಾಗಿ ಎಲ್ಲರ ಫೋನಿಗೆ ಹೋಗುತ್ತಿತ್ತು. ಆಸ್ಪತ್ರೆಯ ಗಾಡಿ ಬಂತು, ಬಿಳಿ ಬಟ್ಟೆ ಮೊದಲು ಮಾಡಿ, ಇವತ್ತು ನೀರು ಬೇಗ ನಿಲ್ಲುತ್ತೆ. ಯಾರ ಫೋನು ಯಾವ ಕಂಪನಿಯದು ಎಂಬ ಪ್ರಶ್ನೆಯೇ ಇರಲಿಲ್ಲ.

ಯಜಮಾನನಿಗೆ ಮಾತ್ರ ಅದು ಸಾಲದಾಯಿತು. ಅವನ ಮಾತಿನಲ್ಲಿ ಹುರುಳಿಲ್ಲದೆ ಇರಲಿಲ್ಲ. ಒದ್ದೆ ಕೈಯವರು ಸಂದೇಶ ಓದುವುದು ತಡವಾಗುತ್ತಿತ್ತು. ಆಗ ಒಬ್ಬ ಮಾರಾಟದ ಏಜೆಂಟ್ ಬಂದ. ಸೊಂಟಕ್ಕೆ ಸಿಕ್ಕಿಸಿಕೊಳ್ಳುವ, ವಾಕಿಟಾಕಿಯಂಥ ಮಾತಿನ ಸೆಟ್ಟುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ.

"ಇಲ್ಲಿ ಗುಂಡಿ ಒತ್ತಿ ಮಾತಾಡಿ ಸಾರ್. ಎಲ್ಲರ ಸೊಂಟದಲ್ಲೂ ಒಂದೇ ಸಲ ಕೇಳುತ್ತೆ."

"ಅವರವರ ಫೋನಿಗೂ ಹೋಗುತ್ತಾ?" ಎಂದು ಕೇಳಿದಳು ಯಜಮಾನನ ಹೆಂಡತಿ.

"ಇಲ್ಲ ಮೇಡಂ. ನಮ್ಮ ಸೆಟ್ಟು ನಮ್ಮ ಸೆಟ್ಟಿನ ಜೊತೆ ಮಾತ್ರ ಮಾತಾಡುತ್ತೆ. ಅದೇ ಇದರ ಭದ್ರತೆ."

ಭದ್ರತೆ ಎಂಬ ಮಾತು ಯಜಮಾನನಿಗೆ ಹಿಡಿಸಿತು. ಸೆಟ್ಟುಗಳು ಬಂದವು, ಕೆಲಸದ ಹೊತ್ತಿನಲ್ಲಿ ಇನ್ನು ಬೇಡವೆಂದು ಫೋನುಗಳೆಲ್ಲ ಬಾಗಿಲ ಹತ್ತಿರದ ಬೀರುವಿಗೆ ಹೋದವು. ಅತ್ತಿಗೆಯ ಫೋನನ್ನು ಮಾತ್ರ ಯಾರೂ ಮುಟ್ಟಲಿಲ್ಲ. ಆದರೆ ಅದಕ್ಕೆ ಇನ್ನು ಯಾವ ಸಂದೇಶವೂ ಬರಲಿಲ್ಲ.

ಅತ್ತಿಗೆ ಸೆಟ್ಟನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಯಂತ್ರಗಳ ಗದ್ದಲದಲ್ಲಿ ಅದರ ಗರಗರ ದನಿಯನ್ನು ಅವರ ಫೋನೂ ಹಿಡಿದು ಬರೆಯಲಿಲ್ಲ.

"ಇದು ಮಾತಾಡುತ್ತೆ ಕಣೋ. ನಾನೇನು ಮಾಡ್ಲಿ ಇದನ್ನ? ಇದರಲ್ಲಿ ಬರೋದು ನನ್ನ ಫೋನಿಗೂ ಬರೋ ಹಾಗೆ ಮಾಡು."

"ಕೇಳ್ದೆ ಅತ್ತಿಗೆ. ಹೊರಗಿನ ಫೋನಿಗೆ ಜೋಡಿಸೋಕೆ ಆಗಲ್ಲ ಅಂತಾರೆ. ನೋಡೋಣ, ಏನಾದ್ರೂ ಮಾಡೋಣ."

ಆಫೀಸಿಗೆ ಬಂದ ಮೇಲೆ ಅವನು ಹೆಂಡತಿಗೆ ಹೇಳಿದ: "ಒಬ್ಬರಿಗೋಸ್ಕರ ಎಲ್ಲಾನೂ ಬದಲಾಯಿಸೋಕಾಗುತ್ತಾ? ಬಟ್ಟೆ ಮಡಚೋಳು ಪಕ್ಕದಲ್ಲೇ ಇರ್ತಾಳಲ್ಲ, ತಟ್ಟಿ ಹೇಳ್ತಾಳೆ ಬಿಡು."

ಮಡಚುವವಳು ಒಳ್ಳೆಯವಳು. ಸೆಟ್ಟಿನಲ್ಲಿ ಏನಾದರೂ ಬಂದರೆ ಅತ್ತಿಗೆಯ ಭುಜ ತಟ್ಟಿ, ಕೈಸನ್ನೆಯಲ್ಲಿ ಹೇಳುತ್ತಿದ್ದಳು. ಮೊದಲು ಎಲ್ಲವನ್ನೂ ಹೇಳುತ್ತಿದ್ದಳು, ಆಮೇಲೆ ಮುಖ್ಯವಾದದ್ದನ್ನು ಮಾತ್ರ. ಅವಳಿಗೂ ಅವಳ ಕೆಲಸವಿತ್ತಲ್ಲ. ಸೆಟ್ಟಿನಲ್ಲಿ ಯಾರೋ ತಮಾಷೆ ಮಾಡಿ ಎಲ್ಲರೂ ನಕ್ಕಾಗ ಅತ್ತಿಗೆ ಒಬ್ಬೊಬ್ಬರ ಮುಖ ನೋಡುತ್ತಿದ್ದರು. ನಂತರ ನೋಡುವುದನ್ನೂ ಬಿಟ್ಟರು. ಗೋಡೆ ಕಡೆ ಮುಖ ಮಾಡಿ ಇಸ್ತ್ರಿ ಒತ್ತುತ್ತಿದ್ದರು. ಯಜಮಾನ ಅದನ್ನು ಕಂಡಿದ್ದ. ವಯಸ್ಸಾಯಿತು, ಮಾತು ಕಡಿಮೆಯಾಗಿದೆ ಎಂದುಕೊಂಡಿದ್ದ.

ಮಡಚುವವಳು ರಜೆ ಹಾಕಿದ್ದ ಒಂದು ದಿನ, ಒಣಗಿಸುವ ಡ್ರಮ್ಮಿನ ಹಿಂದೆ ಕಟ್ಟಿಕೊಂಡಿದ್ದ ಬಟ್ಟೆಯ ನವಿರು ಧೂಳಿಗೆ ಕಿಡಿ ಹತ್ತಿತು. ಹೊಗೆ ದಟ್ಟವಾಗಿ ಎದ್ದಿತು. ಯಜಮಾನ ತಡಮಾಡಲಿಲ್ಲ. ಸೆಟ್ಟು ಬಾಯಿಗೆ ಹಿಡಿದು ಕೂಗಿದ: "ಎಲ್ಲಾ ಬಿಟ್ಟು ಹೊರಗೆ ಬನ್ನಿ! ಹೊರಗೆ!" ಎಲ್ಲರ ಸೊಂಟದಲ್ಲೂ ಅದು ಕೇಳಿಸಿತು. ಜನ ದಡಬಡನೆ ಅಂಗಳಕ್ಕೆ ಬಂದರು. ಅವನು ಮುಖ್ಯ ಕರೆಂಟು ತೆಗೆದು, ಕೊನೆಯಲ್ಲಿ ತಾನೂ ಹೊರಬಿದ್ದ. ಎಲ್ಲವೂ ಅಚ್ಚುಕಟ್ಟಾಗಿ ನಡೆಯಿತು.

ಹಿಂದಿನ ಕೋಣೆಯಲ್ಲಿ ಅತ್ತಿಗೆ ಬಾಗಿಲಿಗೆ ಬೆನ್ನು ಹಾಕಿ ನಿಂತಿದ್ದರು. ಅಲ್ಲಿ ಯಾವಾಗಲೂ ಆವಿಯೇ, ಹೊಗೆ ಬೇರೆಯಾಗಿ ಕಾಣಲಿಲ್ಲ. ಸುಟ್ಟ ವಾಸನೆ ಬಂತು. ತಾನೇ ಎಲ್ಲಿ ಬಟ್ಟೆ ಸುಟ್ಟೆನೋ ಎಂದು ಹಾಸುಬಟ್ಟೆಯನ್ನು ಬೆಳಕಿಗೆ ಹಿಡಿದು ಅಂಚಿನಿಂದ ಅಂಚಿಗೆ ನೋಡಿದರು. ಕಲೆ ಇರಲಿಲ್ಲ. ಇಸ್ತ್ರಿಯ ಕೆಂಪು ದೀಪ ಆರಿತು. ಕರೆಂಟು ಹೋಯಿತು ಎಂದುಕೊಂಡು, ಆದಷ್ಟನ್ನು ಜೋಡಿಸಿಕೊಂಡು ಕೇಳಲೆಂದು ಮುಂದಿನ ಹಜಾರಕ್ಕೆ ಬಂದರು. ಅಲ್ಲಿ ಯಾರೂ ಇರಲಿಲ್ಲ. ಅರ್ಧ ತುಂಬಿದ ಬುಟ್ಟಿ, ಬಾಯಿ ತೆರೆದ ಯಂತ್ರ, ನೆಲದ ಮೇಲೆ ಯಾರದೋ ಒಂದು ಚಪ್ಪಲಿ. ಕಣ್ಣು ಉರಿಯತೊಡಗಿತು. ಆಗ ಅವರಿಗೆ ಅರ್ಥವಾಯಿತು. ಬಟ್ಟೆಯ ರಾಶಿಯಿಂದ ಮುಖ ಮುಚ್ಚಿಕೊಂಡು, ಗೋಡೆ ಸವರುತ್ತಾ ಪಕ್ಕದ ಬಾಗಿಲಿನತ್ತ ನಡೆದರು.

ಅದೇ ಹೊತ್ತಿಗೆ, ಫೋನು ಮಾಡಿದ ಕೂಡಲೇ ಹತ್ತಿರದ ಠಾಣೆಯಿಂದ ಬಂದಿದ್ದ ಅಗ್ನಿಶಾಮಕದವನು ಅಂಗಳದಲ್ಲಿ ಯಜಮಾನನನ್ನು ಕೇಳುತ್ತಿದ್ದ: "ಒಳಗೆ ಯಾರಾದ್ರೂ ಇದಾರಾ?"

"ಇಲ್ಲ ಸಾರ್, ಎಲ್ಲರೂ ಬಂದಾಯ್ತು. ಒಳಗೆ ಯಾರೂ ಇಲ್ಲ."

ಅವನ ಬೆನ್ನ ಹಿಂದೆ ಪಕ್ಕದ ಬಾಗಿಲು ತೆರೆಯಿತು.

"ಅಯ್ಯೋ, ಅಕ್ಕಾ!" ಎಂದು ಅವನ ಹೆಂಡತಿ ಕಿರುಚಿದಳು. ಉಳಿದವರು ಬಾಯಿಗೆ ಕೈ ಇಟ್ಟುಕೊಂಡರು. ಬಿಳಿ ಬಟ್ಟೆಯ ರಾಶಿ ಅಪ್ಪಿಕೊಂಡು, ಕೆಮ್ಮುತ್ತಾ, ಕಣ್ಣಲ್ಲಿ ನೀರು ಸುರಿಸುತ್ತಾ ಅತ್ತಿಗೆ ಮೆಟ್ಟಿಲು ಇಳಿದರು. ಅಗ್ನಿಶಾಮಕದವನು ಓಡಿಹೋಗಿ ಅವರನ್ನು ಹಿಡಿದುಕೊಂಡ. ಸಿಟ್ಟು ತಡೆಯಲಾರದೆ ಅಲ್ಲಿಂದಲೇ ಯಜಮಾನನ ಕಡೆ ತಿರುಗಿ ಗದರಿದ: "ಒಳಗೆ ಯಾರೂ ಇಲ್ಲ ಅಂದ್ರಲ್ರೀ! ಇವರು ಯಾರು ಮತ್ತೆ?"

ಅತ್ತಿಗೆಯ ಎದೆಯ ಮೇಲಿನ ಫೋನು ಆ ಮಾತನ್ನು ಕೇಳಿಸಿಕೊಂಡಿತು, ತನ್ನ ಕೆಲಸ ಮಾಡಿತು. ಅತ್ತಿಗೆ ಕಣ್ಣೊರೆಸಿಕೊಂಡು ಅದನ್ನು ಎತ್ತಿ ನೋಡಿದರು. ಹೆಬ್ಬೆರಳಿನಷ್ಟು ದಪ್ಪ ಅಕ್ಷರಗಳಲ್ಲಿ ಎಲ್ಲವೂ ಇತ್ತು.

ಓದಿ ಮುಗಿಸಿ ಮೈದುನನ ಮುಖ ನೋಡಿದರು. ಬಟ್ಟೆಯ ರಾಶಿಯನ್ನು ಅವನ ಕೈಗೆ ಕೊಟ್ಟು ಬೆಂಚಿನ ಮೇಲೆ ಕುಳಿತರು.

ಬೆಂಕಿ ಬೇಗ ಆರಿತು. ಅತ್ತಿಗೆಯ ಕೆಮ್ಮೂ ನಿಂತಿತು. ಲಾಂಡ್ರಿ ಮತ್ತೆ ತೆರೆದ ದಿನ ಅವರು ಬರಲಿಲ್ಲ. ಮರುದಿನವೂ ಬರಲಿಲ್ಲ.

ಆಸ್ಪತ್ರೆಯಲ್ಲಿ ಫೋನು, ಕಂಪ್ಯೂಟರು ನೋಡಿಕೊಳ್ಳುವ ಮೇಡಂ ಒಬ್ಬರಿದ್ದರು. ಬೆಂಕಿಯ ಸುದ್ದಿ ತಿಳಿದು, ಆಸ್ಪತ್ರೆಯ ಬಟ್ಟೆ ಏನಾಯಿತೆಂದು ನೋಡಲು ಬಂದವರ ಜೊತೆ ಅವರೂ ಬಂದರು. ಯಜಮಾನನ ಹೆಂಡತಿ ಅವರನ್ನು ಕೂರಿಸಿ, ಗಂಡನ ಎದುರಿಗೇ ನಡೆದದ್ದನ್ನೆಲ್ಲ ಹೇಳಿದಳು.

"ನಿಮ್ಮಲ್ಲಿ ಅಷ್ಟು ಜನ ನರ್ಸುಗಳು, ಆಯಾಗಳು. ಎಲ್ಲರ ಕೈಯಲ್ಲೂ ಅವರವರ ಫೋನೇ ನೋಡಿದೀನಿ. ಹೇಗೆ ನಿಭಾಯಿಸ್ತೀರಿ?"

ಮೇಡಂ ಎದ್ದು ಗೋಡೆಯ ನಲ್ಲಿಯ ಹತ್ತಿರ ಹೋದರು. "ಈ ನಲ್ಲಿ ಯಾವ ಕಂಪನಿದು ಯಜಮಾನ್ರೇ?"

"ಯಾವುದೋ ಒಂದು."

"ಪೈಪು?"

"ಅದು ಇನ್ನೊಂದು."

"ಬೇರೆ ಬೇರೆ ಕಂಪನಿದು. ಆದ್ರೂ ಹೇಗೆ ಕೂತ್ಕೊಳ್ತು?"

"ತಿರುಪಿನ ಸುತ್ತಿನ ಅಳತೆ ಒಂದೇ ಅಲ್ವಾ ಮೇಡಂ. ಯಾರು ಮಾಡಿದ್ರೂ ಅದೇ ಅಳತೆಗೆ ಮಾಡ್ಬೇಕು."

"ಅಷ್ಟೇ ವಿಷಯ. ಆ ಅಳತೆ ಯಾರೊಬ್ಬರ ಸ್ವತ್ತೂ ಅಲ್ಲ, ಬರೆದಿಟ್ಟಿದಾರೆ, ಯಾರು ಬೇಕಾದ್ರೂ ಓದಬಹುದು. ಫೋನುಗಳು ಒಂದಕ್ಕೊಂದು ಮಾತಾಡೋದಕ್ಕೂ ಅಂಥ ಅಳತೆ ಇದೆ. ಮುಕ್ತ ಮಾನದಂಡ ಅಂತಾರೆ. ಅದನ್ನು ಒಪ್ಪಿಕೊಂಡ ವ್ಯವಸ್ಥೆ ತಗೊಂಡ್ರೆ ಹಳೇ ಫೋನು, ಹೊಸ ಫೋನು, ಸೊಂಟದ ಸೆಟ್ಟು, ಎಲ್ಲಕ್ಕೂ ಸುದ್ದಿ ಹೋಗುತ್ತೆ. ಕೇಳೋರಿಗೆ ಮಾತಾಗಿ, ಓದೋರಿಗೆ ಅಕ್ಷರವಾಗಿ. ನೀವು ತಗೊಂಡಿರೋದು ತನ್ನ ಪೈಪಿಗೆ ಬಿಟ್ಟು ಬೇರೆ ಯಾವುದಕ್ಕೂ ಕೂರದ ನಲ್ಲಿ."

ಯಜಮಾನ ಸುಮ್ಮನಾಗಲಿಲ್ಲ. ಸೋತವನಿಗೂ ಒಂದು ಹಟ ಇರುತ್ತದೆ. "ಎಲ್ಲರಿಗೂ ಗೊತ್ತಿರೋ ಅಳತೆ ಅಂದ್ರೆ ಕಳ್ಳರಿಗೂ ಗೊತ್ತಿರುತ್ತಲ್ಲ ಮೇಡಂ? ಯಾವ ಹೋಟೆಲಿಗೆ ಎಷ್ಟು ಬಟ್ಟೆ, ಯಾವ ದರ, ಎಲ್ಲಾ ಬೀದಿಗೆ ಬರಲ್ವಾ?"

"ಬೀಗ ಹೇಗೆ ಕೆಲಸ ಮಾಡುತ್ತೆ ಅನ್ನೋದು ಬೀಗದಂಗಡಿಯವರಿಗೆಲ್ಲ ಗೊತ್ತು. ಹಾಗಂತ ನಿಮ್ಮ ಮನೆ ಬೀಗದಕೈ ಅವರ ಹತ್ರ ಇದೆಯಾ? ವಿಧಾನ ತೆರೆದಿರುತ್ತೆ, ಸಂದೇಶಕ್ಕೆ ಬೀಗ ಇರುತ್ತೆ. ಆ ಬೀಗ ಹಾಕಿದೆಯಾ ಅಂತ ನೀವು ಕೇಳಿ ನೋಡಿಯೇ ತಗೋಬೇಕು. ವಿಧಾನ ತೆರೆದಿರೋದ್ರಿಂದ ತಪ್ಪಿದ್ರೆ ಬೇಗ ಕಾಣುತ್ತೆ, ನಾಲ್ಕು ಜನ ನೋಡ್ತಿರ್ತಾರಲ್ಲ."

ಬಾಗಿಲಲ್ಲಿ ನಿಂತಿದ್ದ ಮಡಚುವವಳು ಸಂಕೋಚದಿಂದ ಕೇಳಿದಳು: "ನನ್ನ ಫೋನನ್ನ ಕೆಲಸಕ್ಕೆ ಜೋಡಿಸಿದ್ರೆ ಯಜಮಾನ್ರು ನನ್ನ ಫೋಟೋ ಗೀಟೋ ಎಲ್ಲ ನೋಡಬಹುದಾ ಮೇಡಂ?"

"ನೋಡಬಾರದು, ನೋಡೋಕೆ ಆಗದ ಹಾಗೆ ಇರಬೇಕು. ಕೆಲಸದ್ದು ಫೋನಿನ ಒಳಗೆ ಒಂದು ಬೇರೆ ಖಾನೆಯಲ್ಲಿ ಇರುತ್ತೆ. ನೀನು ಕೆಲಸ ಬಿಟ್ರೆ, ಫೋನು ಕಳೆದ್ರೆ, ಆ ಖಾನೆ ಮಾತ್ರ ಅಳಿಸ್ತಾರೆ. ನಿನ್ನ ಮನೆ ವಿಷಯ ಮುಟ್ಟಲ್ಲ. ಮತ್ತೆ ಇದು ಬಲವಂತ ಅಲ್ಲ. ನನ್ನ ಫೋನು ಬೇಡ ಅಂದವರಿಗೆ ಯಜಮಾನ್ರೇ ಸೆಟ್ಟು ಕೊಡಬೇಕು. ಕೆಲಸದ ಹೊತ್ತು ಮುಗಿದ ಮೇಲೆ ಕರೆಯೂ ಬರಬಾರದು."

ಯಜಮಾನನ ಹೆಂಡತಿ ಗಂಡನ ಕಡೆ ತಿರುಗಿದಳು. "ರೀ, ಅಕ್ಕ ನಮ್ಮನ್ನ ಇಷ್ಟೇ ಅಲ್ವಾ ಕೇಳಿದ್ದು? ನನ್ನ ಫೋನಿಗೂ ಬರಲಿ ಅಂತ. ಇಷ್ಟೇ."

ಅವನು ಸೊಂಟದ ಸೆಟ್ಟನ್ನು ಬಿಚ್ಚಿ ಮೇಜಿನ ಮೇಲಿಟ್ಟ. ಅತ್ತಿಗೆ ಮನೆಗೆ ಬಂದಾಗ ಅವನಿನ್ನೂ ಶಾಲೆಗೆ ಹೋಗುತ್ತಿದ್ದ. ಜ್ವರ ಬಂದಾಗ ಹಣೆ ಮುಟ್ಟಿ ನೋಡಿದವರು, ಅಣ್ಣನ ಹತ್ತಿರ ಬೈಸಿಕೊಳ್ಳದ ಹಾಗೆ ಅಡ್ಡ ನಿಂತವರು ಅವರು. ಅವರಿಗೆ ಕಿವಿ ಇಲ್ಲದಂತೆ ಮಾಡಿದ್ದು ತನ್ನ ಯಂತ್ರ. ಅವರೇ ಹೊಂದಿಸಿಕೊಂಡ ಕಿವಿಯನ್ನೂ ಮುಚ್ಚಿದ್ದು ತಾನು.

"ಸೆಟ್ಟುಗಳನ್ನ ವಾಪಸ್ ತಗೋತಾರಾ ಕೇಳು," ಎಂದ ಕೊನೆಗೆ. "ತಗೊಳ್ದಿದ್ರೂ ಪರವಾಗಿಲ್ಲ."

ಮೇಡಂ ನೆರವಿನಿಂದ ಹೊಸ ವ್ಯವಸ್ಥೆ ಬಂತು. ಯಾರ್ಯಾರ ಬಳಿ ಯಾವ ಫೋನಿದೆ ಎಂದು ಮೊದಲು ಕೇಳಿದರು, ಆಮೇಲೆ ಕೊಂಡರು. ಬಟನ್ ಫೋನಿನವನಿಗೆ ಸಾದಾ ಸಂದೇಶ, ಒದ್ದೆ ಕೈಯವರಿಗೆ ಮಾತು. ಪ್ರತಿ ಕೋಣೆಯಲ್ಲೂ ಅಪಾಯದ ಹೊತ್ತಿಗೆ ಮಿನುಗುವ ದೀಪ ಹಾಕಿಸಿದರು, ಏಕೆಂದರೆ ಬೆಂಕಿಯ ವಿಷಯದಲ್ಲಿ ಒಂದೇ ಫೋನನ್ನು ನಂಬಿ ಕೂರಬಾರದು ಎಂದು ಮೇಡಂ ಖಡಾಖಂಡಿತವಾಗಿ ಹೇಳಿದ್ದರು. ಹೊರಗೆ ಬಂದ ಮೇಲೆ ಹೆಸರು ಕರೆದು ನೋಡುವುದನ್ನೂ ರೂಢಿ ಮಾಡಿದರು.

ಎಲ್ಲ ಆದ ಮೇಲೆ ಗಂಡ ಹೆಂಡತಿ ಇಬ್ಬರೂ ಅತ್ತಿಗೆಯ ಮನೆಗೆ ಹೋದರು. ಅತ್ತಿಗೆ ಬಾಗಿಲು ತೆಗೆದು, ಕುರ್ಚಿ ಸರಿಸಿ, ಫೋನನ್ನು ಮೇಜಿನ ಮೇಲೆ ಅವರ ಕಡೆಗಿಟ್ಟರು.

"ಬನ್ನಿ ಅತ್ತಿಗೆ. ಈಗ ಎಲ್ಲಾನೂ ನಿಮ್ಮ ಫೋನಿಗೇ ಬರುತ್ತೆ. ತಪ್ಪಾಯ್ತು ನಂದು."

ಅತ್ತಿಗೆ ಓದಿಕೊಂಡರು. "ಒಳ್ಳೇದಾಯ್ತು ಕಣೋ. ಬೇರೆಯವರಿಗೆ ಅನುಕೂಲ ಆಗುತ್ತೆ. ನಾನು ಆಸ್ಪತ್ರೆಯ ಬಟ್ಟೆ ಕೋಣೆಗೆ ಸೇರ್ಕೊಂಡೆ. ಮೊದಲನೇ ದಿನಾನೇ ನಿನ್ನ ಫೋನು ಯಾವುದಮ್ಮಾ ಅಂತ ಕೇಳಿದ್ರು."

"ಇನ್ನೂ ಕೋಪಾನಾ ಅಕ್ಕ?" ಎಂದಳು ಓರಗಿತ್ತಿ.

"ಕೋಪ ಏನಿಲ್ಲಮ್ಮ. ಹೊಗೆಗೂ ನಾನು ಅಷ್ಟು ಹೆದರಲಿಲ್ಲ. ನಾನು ಹೊರಗೆ ಬಂದಾಗ ನೀವೆಲ್ಲ ಬೆಚ್ಚಿಬಿದ್ರಲ್ಲ, ಆಗಲೇ ನಿಮಗೆ ನಾನು ನೆನಪಾಗಿದ್ದು. ಆ ಬಾಗಿಲಲ್ಲಿ ಮತ್ತೆ ಕಾಲಿಡೋಕೆ ಮನಸ್ಸು ಬರ್ತಿಲ್ಲ, ಅಷ್ಟೇ. ಮನೆಗೆ ಬರ್ತಾ ಇರಿ."

ಯಜಮಾನ ಏನೋ ಹೇಳಲು ಹೋದ. ಮೇಜಿನ ಮೇಲಿನ ಫೋನಿನಲ್ಲಿ ಯಾವ ಅಕ್ಷರವೂ ಮೂಡಲಿಲ್ಲ. ಅತ್ತಿಗೆ ಅವನ ಮುಖ ನೋಡಿ, ಅವನ ಕೈಯನ್ನು ಮೆಲ್ಲಗೆ ತಟ್ಟಿ, ನೀರು ತರಲು ಒಳಗೆ ಹೋದರು.

ಇದನ್ನು ಓದುತ್ತಿರುವವರೇ, ನೀವು ಅಂಗಡಿ ನಡೆಸುವವರಿರಬಹುದು, ಕಾರ್ಖಾನೆಯವರಿರಬಹುದು, ಹತ್ತು ಜನರ ಸಂಘದ ಮುಂದಾಳು ಇರಬಹುದು. ಜನರ ಜೊತೆ ಮಾತಾಡಲು ಹೊಸದೇನಾದರೂ ಕೊಳ್ಳುವ ಮುಂಚೆ ಮಾರುವವರನ್ನು ನೇರವಾಗಿ ಕೇಳಿ: ಇದು ಮುಕ್ತ ಮಾನದಂಡದಂತೆ ನಡೆಯುತ್ತದೆಯೇ? ನಮ್ಮವರ ಸ್ವಂತ ಫೋನುಗಳಿಗೆ, ಬೇರೆ ಕಂಪನಿಯ ಉಪಕರಣಗಳಿಗೆ ಜೋಡಣೆಯಾಗುತ್ತದೆಯೇ? ಮಾತು ಅಕ್ಷರವಾಗಿಯೂ ಹೋಗುತ್ತದೆಯೇ? ಅವರು ತಡವರಿಸಿದರೆ ಹಣ ಕೊಡಬೇಡಿ. ನೀವು ಕೆಲಸಗಾರರಾದರೆ, ಸುದ್ದಿ ನಿಮಗೆ ಮುಟ್ಟುತ್ತಿಲ್ಲ ಎಂದು ಹೇಳಲು ನಾಚಬೇಡಿ, ಮತ್ತೆ ಮತ್ತೆ ಹೇಳಿ. ಪಕ್ಕದಲ್ಲಿರುವವರಿಗೆ ಮುಟ್ಟುತ್ತಿಲ್ಲವಾದರೆ ಅವರ ಪರವಾಗಿ ನೀವೂ ದನಿ ಎತ್ತಿ. ನಾಳೆ ಕೆಲಸಕ್ಕೆ ಹೋದ ಕೂಡಲೇ ಒಂದು ಸಂದೇಶ ಕಳಿಸಿ, ಯಾರಿಗೆ ಬಂತು ಎಂದು ಕೇಳಬೇಡಿ. ಯಾರಿಗೆ ಬರಲಿಲ್ಲ ಎಂದು ಹುಡುಕಿಕೊಂಡು ಹೋಗಿ.