ಸೋಸಿದ ಕಟ್ಟು

ಹೊಗೆ ಕಣ್ಣಿಗೆ ಹೊಡೆಯುತ್ತಿದೆ, ಸೌದೆ ಇನ್ನೂ ಹಸಿ, ಮಡಕೆಯಲ್ಲಿ ಕರಿ ಬೀನ್ಸ್ ಕಾಳು ಕುದಿಯುತ್ತಿದೆ, ತೊಮಾಸಾಳ ಬೆನ್ನಿಗೆ ಬಟ್ಟೆಯಲ್ಲಿ ಕಟ್ಟಿಕೊಂಡ ಮೊಮ್ಮಗ ಲೀನೋ ಇದ್ದಾನೋ ಇಲ್ಲವೋ ಅನ್ನುವಷ್ಟು ಹಗುರ — ಹಗುರ, ಬೆಳಿಗ್ಗೆ ಮಕ್ಕಳ ತೂಕ ನೋಡಲು ಊರಿಗೆ ಬಂದಿದ್ದ ಎಸ್ತೇರ್ ಅಂದದ್ದೂ ಅದೇ, ತೊಲೆಗೆ ತೂಗುಹಾಕಿದ ತಕ್ಕಡಿಯ ಮುಳ್ಳು ನೋಡಿ, ಮೂರು ತಿಂಗಳಿಂದ ಅಲ್ಲೇ ನಿಂತಿದೆಯಲ್ಲ ಅಜ್ಜೀ, ಹದಿನಾಲ್ಕು ತಿಂಗಳ ಮಗು, ಏನು ತಿನ್ನಿಸ್ತೀರಿ? ಸಿಟ್ಟು ನೆತ್ತಿಗೇರಿತ್ತು, ಈ ನಿನ್ನೆ ಮೊನ್ನೆಯ ಹುಡುಗಿ ಆರು ಹೆತ್ತವಳಿಗೆ ಕೇಳುವ ಮಾತೇ ಅದು, ಸತ್ವವೆಲ್ಲ ಕಾಳು ಬೆಂದ ಕಟ್ಟಿನೊಳಗೆ ಇಳಿದಿರುತ್ತೆ ಕಣಮ್ಮಾ, ಒಂದು ಸಿಪ್ಪೆಯೂ ಬೀಳದ ಹಾಗೆ ಬಟ್ಟೇಲಿ ಸೋಸಿ ಕುಡಿಸ್ತೀನಿ. ಮತ್ತೆ ಕಾಳು? ಕಾಳು ನಾನು ತಿಂತೀನಿ, ರೊಟ್ಟಿ ಜೊತೆ. ಎಸ್ತೇರ್ ಬಯ್ಯಲಿಲ್ಲ, ಬಯ್ದಿದ್ದರೆ ವಾಸಿಯಿತ್ತು, ಮೆತ್ತಗೆ ಅಂದಳು, ಕಟ್ಟಲ್ಲಿ ಏನೂ ಇರಲ್ಲ ಅಜ್ಜೀ, ಬರೀ ಬಣ್ಣದ ನೀರು, ಕಾಳನ್ನೇ ನುರಿದು ಕೊಡಿ, ಕೊಡುವಾಗ ಮಾತಾಡಿಸಿ. ಮಾತು — ಈ ಮನೆಯಲ್ಲಿ ಯಾರ ಹತ್ತಿರ ಮಾತು, ಮಗಳು ಮಿಕಾಯೆಲಾ ಗ್ವಾಟೆಮಾಲಾ ನಗರದಲ್ಲಿ ಬೇರೆಯವರ ಮಕ್ಕಳಿಗೆ ಉಣ್ಣಿಸುತ್ತಾಳೆ, ಭಾನುವಾರ ಫೋನು, ಅಮ್ಮಾ, ನಿಲ್ತಾನಾ, ಏನಾದ್ರೂ ಅಂತಾನಾ, ಹ್ಞೂಂ ಅನ್ನುತ್ತಾಳೆ ತೊಮಾಸಾ, ಪ್ರತಿ ಸಲ ಹ್ಞೂಂ, ಅವನಿನ್ನೂ ಎದ್ದು ನಿಂತಿಲ್ಲ, ನಾಳೆ ಭಾನುವಾರ, ಹ್ಞೂಂ ಅನ್ನಲು ನಾಲಿಗೆ ಏಳುವುದಿಲ್ಲ. ಆರರಲ್ಲಿ ಎರಡನ್ನು ಮಣ್ಣಿಗೆ ಕೊಟ್ಟಳು, ಅವಕ್ಕೂ ಇದೇ ಕಟ್ಟು, ಇಷ್ಟೇ ಜೋಪಾನವಾಗಿ ಸೋಸಿ — ಬೇಡ, ಅದು ಈಗ ಬೇಡ, ಆದರೆ ಆ ಕೈ ನೆನಪಾಗುತ್ತದೆ, ಲೀನೋಗೆ ಹಲ್ಲು ಮೂಡುವ ಹೊತ್ತಿಗೆ ಆ ಪುಟ್ಟ ಕೈ ಅವಳ ತಟ್ಟೆಯ ಕಾಳಿಗೆ ಚಾಚುತ್ತಿತ್ತು, ದಿನಾ ಚಾಚುತ್ತಿತ್ತು, ಏ ಕಳ್ಳಾ, ಹೊಟ್ಟೆ ನೋಯುತ್ತೆ ಕಣೋ, ನಗುತ್ತಲೇ ತಟ್ಟಿ ಸರಿಸುತ್ತಿದ್ದಳು, ಪ್ರೀತಿಯಿಂದಲೇ, ದೇವರೇ, ಪ್ರೀತಿಯಿಂದಲೇ ಸರಿಸಿದಳು.

ಈಗ ಕಾಳು ನುರಿದಾಗಿದೆ, ಅವನನ್ನು ಬೆನ್ನಿಂದಿಳಿಸಿ ಎದುರಿಗೆ ಕೂರಿಸಿಕೊಂಡಿದ್ದಾಳೆ, ತಟ್ಟೆ ಅವನ ಮೊಣಕಾಲಿಗೆ ತಾಗುತ್ತಿದೆ, ತಿನ್ನೋ ರಾಜಾ, ನಿಂದೇ ಇದು, ಎಷ್ಟು ದಿನವಾಯಿತೋ ಇಲ್ಲಿ ದನಿಯೆತ್ತಿ, ತನ್ನ ದನಿ ತನಗೇ ಹೊಸದು, ಲೀನೋ ತಟ್ಟೆ ನೋಡುತ್ತಾನೆ, ಅವಳ ಮುಖ ನೋಡುತ್ತಾನೆ, ತಗೋ ಮರೀ, ಇನ್ನು ಬೇಡ ಅನ್ನಲ್ಲ, ಚಾಚುತ್ತಿತ್ತಲ್ಲ ಆ ಕೈ, ದಿನಾ ಚಾಚುತ್ತಿತ್ತಲ್ಲ, ಅದೀಗ ಮುಷ್ಟಿ ಬಿಗಿದು ಹೊಟ್ಟೆಗೆ ಅವುಚಿ ಕೂತಿದೆ, ಏಟಿಗೆ ಕಾಯುತ್ತಿರುವ ಹಾಗೆ, ಆ ಕೈ, ಆ ಕೈ —