ನೂರ ಹದಿನಾಲ್ಕರ ಆಯುಷ್ಯ

ಅರ್ಧ ಬ್ಲೇಡಿನಲ್ಲಿ ಎರಡು ಪೆನ್ಸಿಲ್ ಕೆತ್ತಿ, ಸಿಪ್ಪೆಯನ್ನು ಕಾಗದಕ್ಕೆ ಬಳಿದು ಹೊರಗೆ ಚೆಲ್ಲಿ ಬಂದೆ. ಮೇದಪ್ಪ ಸರ್ ಮಾತಾಡಲಿಲ್ಲ. ನಾನೂ ಮಾತಾಡಲಿಲ್ಲ. ನಮ್ಮ ಕೆಲಸ ಯಾವಾಗಲೂ ಹಾಗೆಯೇ.

ಸರ್ ಸುಳ್ಯ ಕಡೆಯವರು, ಪುತ್ತೂರಿನ ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುವವರು. ನಾನು ಏಳನೆಯಲ್ಲಿ ಶಾಲೆ ಬಿಟ್ಟವಳು. ಅಕ್ಷರ ಚಂದ ಉಂಟೆಂದು ಅವರ ಲೆಕ್ಕಗಳನ್ನು ನೋಡಿ ಬರೆಯಲು ಕರೆದಿದ್ದರು. ಯಾರೂ ಇನ್ನೂ ಕಾಣದ ಭಾರಿ ಪರಮಾಣುಗಳ ಲೆಕ್ಕ. ನೂರ ಹದಿನಾಲ್ಕು ಪ್ರೋಟಾನಿನ ನ್ಯೂಕ್ಲಿಯಸ್ ಹುಟ್ಟಿದರೆ ಎಷ್ಟು ಹೊತ್ತಿಗೆ ಒಡೆದೀತು ಎಂದು ಲಾಗರಿದಮ್ ಕೋಷ್ಟಕದ ಪುಸ್ತಕ ಹಿಡಿದು ನಾಲ್ಕು ವರ್ಷ ಗುಣಿಸಿದ್ದರು. ನ್ಯೂಟ್ರಾನಿನ ಸಂಖ್ಯೆ ಬದಲಾದ ಹಾಗೆ ಒಂದೊಂದಕ್ಕೆ ಒಂದೊಂದು ಸಾಲು.

ಅಷ್ಟರಲ್ಲಿ ಕೆಮಿಸ್ಟ್ರಿಯ ದೇವದಾಸ ಸರ್ ಬಂದರು.

"ಎಂತ ಮಾರಾಯ, ಹುಟ್ಟದ ಮಗುವಿನ ಜಾತಕ ಮುಗಿಯಿತಾ?"

"ಮುಗಿಯಿತು. ನಾಲ್ಕು ಗಂಟೆಯ ಟಪ್ಪಾಲಿಗೆ ಬೊಂಬಾಯಿಗೆ ಹೋಗ್ತದೆ. ಎಲ್ಲ ಕಣ್ಣು ಮಿಟುಕಿಸುದರೊಳಗೆ ಸಾಯುವಂಥವು. ಏಳನೇ ಸಾಲಿನದ್ದು ಮಾತ್ರ ಒಂದು ಗಂಟೆಗಿಂತ ಮೇಲೆ ಉಂಟು."

"ಸುಳ್ಯದ ಬಸ್ಸಲ್ಲಿ ಕೂರಿಸು. ಊರು ನೋಡಿ ಸಾಯಲಿ."

ಮೇದಪ್ಪ ಸರ್ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ಕಂಡದ್ದು ಕಡಿಮೆ. ಆ ಒಂದು ಸಾಲಿನಿಂದ ಬೊಂಬಾಯಿಯ ದೊಡ್ಡ ವಿಜ್ಞಾನಿಗಳು ತಮ್ಮನ್ನು ಕರೆದು ಮಾತಾಡಿಸಿಯಾರು ಎಂದು ವಾರದಿಂದ ಹೇಳುತ್ತಿದ್ದರು.

ನಾನು ರಫ್ ಹಾಳೆಗಳನ್ನು ಜೋಡಿಸುತ್ತಿದ್ದೆ. ಸರ್ ರಫ್ ಲೆಕ್ಕ ಮಾಡುವುದು ಪರೀಕ್ಷೆಯ ಉತ್ತರ ಪತ್ರಿಕೆಗಳಲ್ಲಿ ಉಳಿದ ಖಾಲಿ ಹಾಳೆಗಳಲ್ಲಿ. ನೀಲಿ ಗೆರೆ ಅಚ್ಚಾದ ಕಾಗದ. ಏಳನೆಯ ಸಾಲಿನ ಲಾಗರಿದಮ್ಮಿನ ಮೊದಲ ಅಂಕೆ ಮೂರರ ನೆತ್ತಿಯಲ್ಲಿ ಹಾದುಹೋದ ಗೆರೆ ಸ್ವಲ್ಪ ದಪ್ಪ ಕಂಡಿತು. ಕಿಟಕಿಯ ಬೆಳಕಿಗೆ ಹಿಡಿದೆ. ಅಚ್ಚಿನ ಗೆರೆಯ ಮೇಲೆಯೇ ಸರ್ ಎಳೆದ ಇನ್ನೊಂದು ಗೆರೆ ಇತ್ತು. ಬರೆಯುವಾಗ ಅದನ್ನು ಕಾಗದದ್ದೇ ಎಂದುಕೊಂಡು ಬಿಟ್ಟಿದ್ದೆ. ಸರ್ ಆಮೇಲೆ ಸೆಕೆಂಡು ಲೆಕ್ಕ ಹಾಕಿದ್ದು ನನ್ನ ಪ್ರತಿ ನೋಡಿಯೇ.

ತಲೆಯ ಮೇಲೆ ಗೆರೆ ಇಲ್ಲದ ಮೂರು ಎಂದರೆ ಸಾವಿರಾರು ಸೆಕೆಂಡು, ಗೆರೆ ಇದ್ದರೆ ಸೆಕೆಂಡಿನ ಸಾವಿರದಲ್ಲಿ ಕೆಲವೇ ಪಾಲು ಎಂದು ಅವರೇ ಮೊದಲ ದಿನ ಹೇಳಿಕೊಟ್ಟಿದ್ದರು. ಅದೂ ಉಳಿದವುಗಳ ಹಾಗೆಯೇ ಸಾಯುವಂಥದ್ದು. ಬದುಕಿಸಿದವಳು ನಾನು.

ಸರ್ ಕವರಿನ ಬಾಯಿಗೆ ಗೋಂದು ಹಚ್ಚುತ್ತಿದ್ದರು. ನಾನು ಹಾಳೆಯನ್ನು ಅವರ ಮುಂದೆ ಇಟ್ಟು ಬೆರಳು ತೋರಿಸಿದೆ. ಅವರು ನೋಡಿದರು. ತುಂಬ ಹೊತ್ತು ನೋಡಿದರು. ಮತ್ತೆ ಗೋಂದಿನ ಕಡ್ಡಿ ಕೈಗೆತ್ತಿಕೊಂಡರು.

"ಸರ್, ಕವರ್ ಅಂಟಿಸಬೇಡಿ."