ದೊರೆಸಾನಿಯ ಪಾಳಿ

ದೊರೆಸಾನಿ ಅಂದ್ರೆ ನಮ್ಮನೆ ಬೆಕ್ಕು. ಹೆಸರಿಟ್ಟೋಳು ನಾನೇ. ಬಿಳೀ ಮೈ, ಬಾಲದ ತುದಿ ಮಾತ್ರ ಕಪ್ಪು, ನಡೆಯೋವಾಗ ಮುಳಬಾಗಿಲು ಅಮಲ್ದಾರರ ಹೆಂಡ್ತಿ ಹಂಗೆ ಯಾರ ಮುಖಾನೂ ನೋಡ್ತಿರಲಿಲ್ಲ. ತೊಡೆ ಮೇಲೆ ಕೂತ್ರೆ ಮೂರು ಮಣ ತೂಕ. ದಿನಕ್ಕೆ ನೂರು ಇಲಿ ಹಿಡೀತಾಳೆ ಅಂತ ನಾನು ಊರೆಲ್ಲಾ ಹೇಳ್ಕೊಂಡು ಬಂದಿದ್ದೆ. ನೂರೆಲ್ಲಿ ಬಂತು, ಎರಡೋ ಮೂರೋ. ನನ್ನ ಬಾಯಿಗೆ ಬಿದ್ರೆ ಇರುವೆಗೂ ಕೊಂಬು ಬರುತ್ತೆ ಅನ್ನೋದು ತಾಯಲೂರು ಸುತ್ತಮುತ್ತ ಎಲ್ಲರಿಗೂ ಗೊತ್ತಿತ್ತು, ಅದಕ್ಕೇ ಯಾರೂ ಲೆಕ್ಕ ಕೇಳ್ತಿರಲಿಲ್ಲ.

ಮನೇಲಿ ನಾವು ನಾಲ್ಕು ಜನ. ನಾನು, ಮಗ ಆವಲಪ್ಪ, ಸೊಸೆ ಶಾಮಲಮ್ಮ, ಅವರ ಒಬ್ಬಳೇ ಮಗಳು ಗಂಗರತ್ನ. ರತ್ನಿಗೆ ಆಗ ಏಳು ವರ್ಷ. ನಾನು ಗಂಡನ್ನ ಕಳ್ಕೊಂಡು ಇಪ್ಪತ್ತು ವರ್ಷ ಆಗಿತ್ತು, ಹೆತ್ತಿದ್ದರಲ್ಲಿ ಮೂರನ್ನ ಮಣ್ಣು ಮಾಡಿದ್ದೆ. ಈ ಮಗು ಹುಟ್ಟಿದ ಮೇಲೇ ನಾನು ಬೆಳಿಗ್ಗೆ ಎದ್ದೇಳೋದಕ್ಕೆ ಒಂದು ನೆಪ ಸಿಕ್ಕಿದ್ದು. ನನ್ನ ತಟ್ಟೇಲೇ ತಿನ್ನೋಳು, ನನ್ನ ಮಗ್ಗುಲಲ್ಲೇ ಮಲಗೋಳು. ಅವ್ವಾ ಅನ್ನೋಳು ನನ್ನ, ನಮ್ಮ ಕಡೆ ಅಜ್ಜೀನ ಹಂಗೇ ಕರೆಯೋದು. ನಾನು, ರತ್ನಿ, ದೊರೆಸಾನಿ, ಮೂವರಿಗೂ ಒಂದೇ ಕಂಬಳಿ. ಇವರಿಗೊಂದು ಬೇರೆ ಮನೆ ಕಟ್ಟಿಸಿಬಿಡ್ರಿ ಅಂತ ಸೊಸೆ ಗೊಣಗೋಳು.

ಯುವ ಸಂವತ್ಸರ ಅದು. ಸಂಕ್ರಾಂತಿಗೆ ಇನ್ನೂ ಹದಿನೈದು ದಿನ ಇತ್ತು. ಪಟೇಲ ಗಂಗುಲಪ್ಪನ ಮನೆ ಅಟ್ಟದಿಂದ ಒಂದು ಇಲಿ ಪೊತ್ತಂತ ಬಿತ್ತು. ಬಿದ್ದಿದ್ದು ಓಡಲಿಲ್ಲ, ಕುಡಿದೋರ ಹಂಗೆ ಎರಡು ಸುತ್ತು ಸುತ್ತಿ ಸತ್ತೋಯ್ತು. ಸಾಯಂಕಾಲಕ್ಕೆ ಇನ್ನೂ ನಾಲ್ಕು ಬಿದ್ದವು. ಇಲಿ ಬಿದ್ರೆ ಪ್ಲೇಗು ಬಂತು ಅಂತಾನೇ ಅರ್ಥ, ಅದಕ್ಕೆ ಯಾರನ್ನೂ ಕೇಳಬೇಕಾಗಿರಲಿಲ್ಲ. ಮಾರನೇ ದಿನ ತಮಟೆ ಹೊಡೆಸಿದ್ರು. ಮನೆ ಬಾಗಿಲು ಹಾಕ್ಕೊಂಡು ಎಲ್ಲರೂ ಕೆರೆ ಹಿಂದಿನ ಹೊಲಗಳಿಗೆ ನಡೀರಿ, ಗುಡಿಸಲು ಹಾಕ್ಕೊಳ್ರಿ ಅಂತ. ಮೊದಲೂ ಎರಡು ಸಲ ಹಿಂಗೆ ಊರು ಬಿಟ್ಟಿದ್ವು. ಕಟ್ಟುಪಾಡು ನಮಗೆ ಗೊತ್ತಿತ್ತು. ಊರೊಳಗಿಂದ ಒಂದು ಚಿಂದಿ ಬಟ್ಟೆನೂ, ಒಂದು ಸೇರು ರಾಗೀನೂ ಆಮೇಲೆ ತರೋ ಹಂಗಿಲ್ಲ. ಯಾರಾದ್ರೂ ಊರೊಳಗೆ ಕಾಲಿಟ್ರೆ ಹತ್ತು ದಿನ ಗುಡಿಸಲ ಕಡೆ ಬರಬಾರದು, ಊರಿಗೂ ಹೊಲಕ್ಕೂ ನಡುವೆ ಇರೋ ಹುಣಸೆ ಮರದ ಕೆಳಗೇ ಇರಬೇಕು. ಊಟ ದೂರದಲ್ಲಿ ಇಟ್ಟು ಹೋಗ್ತಾರೆ.

ಮೂರನೇ ದಿನ ಮುಳಬಾಗಿಲಿಂದ ಒಬ್ಬ ಚಿಕ್ಕ ವಯಸ್ಸಿನ ಇನ್‌ಸ್ಪೆಕ್ಟರು ಸೈಕಲ್ ಮೇಲೆ ಬಂದ. ಸೂಜಿ ಮದ್ದು ಬರೋದು ಇನ್ನೂ ಎರಡು ವಾರ ಆಗುತ್ತೆ ಅಂದ. ಆಮೇಲೆ ಎಲ್ಲರನ್ನೂ ಕೂರಿಸ್ಕೊಂಡು, ಈ ರೋಗ ಇಲಿಯಿಂದ ನೇರ ಬರಲ್ಲ, ಇಲಿ ಮೈಮೇಲಿರೋ ಚಿಗಟದಿಂದ ಬರುತ್ತೆ, ಇಲಿ ಸತ್ತ ಮೇಲೆ ಚಿಗಟ ಬಿಸಿ ಮೈ ಹುಡುಕ್ಕೊಂಡು ಹಾರುತ್ತೆ ಅಂತ ಹೇಳಿದ. ನನಗೆ ತಡೀಲಿಲ್ಲ. ಹೇನು, ಚಿಗಟ, ಉಣ್ಣೆ ವಿಷಯದಲ್ಲಿ ನನಗಿಂತ ಓದಿದೋರು ಆ ಕಡೆ ಯಾರಿದ್ರು? ಎಮ್ಮೆ ಕಿವಿಯೊಳಗಿನ ಉಣ್ಣೆ ಕಿತ್ತು ಕೆಂಡಕ್ಕೆ ಹಾಕಿದ್ರೆ ಪಟಾಕಿ ಸದ್ದು ಟೇಕಲ್ ಸ್ಟೇಷನ್‌ಗೆ ಕೇಳಿಸ್ತಿತ್ತು.

"ಸ್ವಾಮಿ, ಚಿಗಟ ಕಚ್ಚಿ ಸಾಯೋದಾದ್ರೆ ನಮ್ಮೂರ ನಾಯಿಗಳೆಲ್ಲಾ ಹೋದ ವರ್ಷಾನೇ ಸಾಯಬೇಕಿತ್ತು," ಅಂದೆ.

ಜನ ಬಿದ್ದು ಬಿದ್ದು ನಕ್ಕರು. ಆ ಹುಡುಗನ ಕಿವಿ ಕೆಂಪಾಯ್ತು. ಸೈಕಲ್ ಹತ್ಕೊಂಡು ಹೊರಟೋದ. ಅವನು ಇಲಿ ಅಂದ, ಬೆಕ್ಕಿನ ಮಾತು ಎತ್ತಲಿಲ್ಲ. ಎತ್ತೋ ಅಷ್ಟು ಹೊತ್ತು ನಾನು ಎಲ್ಲಿ ಬಿಟ್ಟೆ?

ದೊರೆಸಾನೀನ ನಾನೇ ಬುಟ್ಟೀಲಿ ಹಾಕ್ಕೊಂಡು ಹೊಲಕ್ಕೆ ತಂದಿದ್ದೆ. ಗುಡಿಸಲು ಅಂದ್ರೆ ನಾಲ್ಕು ಗೂಟ, ಮೇಲೆ ತೆಂಗಿನ ಗರಿ, ಸುತ್ತ ರಾಗಿ ಹುಲ್ಲು. ಇಲಿ ಬಂದ್ರೆ ಯಾವ ಬಾಗಿಲು ತಡೆಯುತ್ತೆ? ಎಲ್ಲರಿಗೂ ಅದೇ ಭಯ. ಹುಲ್ಲು ಸರಕ್ಕಂದ್ರೆ ಗಂಡಸರೂ ಕೋಲು ತಗೊಂಡು ಕುಣಿಯೋರು. ಅಷ್ಟು ಗುಡಿಸಲಿಗೂ ಬೆಕ್ಕು ಅಂತ ಇದ್ದಿದ್ದು ನಮ್ಮದೊಂದೇ. ದಿನಾ ಬೆಳಿಗ್ಗೆ ಬದುವಿನ ಮೇಲೆ ಊರ ಕಡೆ ಹೋಗೋಳು, ಬಿಸಿಲೇರೋ ಹೊತ್ತಿಗೆ ಬಾಯಲ್ಲಿ ಒಂದು ಇಲಿ ಕಚ್ಕೊಂಡು ಬರೋಳು. ಅದನ್ನ ತಂದು ರತ್ನಿ ಮುಂದೆ ಇಟ್ಟು ತಿನ್ನೋಳು. ನಾವು ಮನುಷ್ಯರು ಊರಿಗೆ ಹೋಗಬಾರದು, ಅವಳು ಹೋಗಿ ನಮ್ಮ ಶತ್ರುಗಳನ್ನ ಕೊಂದು ಬರ್ತಾಳೆ ಅಂತ ನಾನು ಕಥೆ ಕಟ್ಟಿದೆ. ಜನಕ್ಕೂ ಅದು ಸರಿಯಾಗೇ ಕಾಣ್ತು.

ಮೊದಲು ಕೇಳಿದ್ದು ಮುದುಕ ಪೆದ್ದಪ್ಪ. ಒಂದು ರಾತ್ರಿ ಮಟ್ಟಿಗೆ ಬೆಕ್ಕು ಕೊಡಮ್ಮ, ನಮ್ಮ ರಾಗಿ ಮೂಟೆ ಹತ್ತಿರ ಕಟ್ಟಿಕೊಳ್ತೀನಿ ಅಂದ. ನಾನು ದೊಡ್ಡ ಜಮೀನ್ದಾರಿಣಿ ಹಂಗೆ ಗತ್ತು ಮಾಡಿ, ಹಾಲು ಹಾಕ್ತೀಯೇನಪ್ಪಾ, ಹಾಸಿಗೆ ಮೇಲೆ ಮಲಗಿಸ್ತೀಯಾ ಅಂತೆಲ್ಲಾ ಕೇಳಿ ಕೊಟ್ಟೆ. ಅದು ಸೋಮವಾರ. ಮಂಗಳವಾರ ಅಕ್ಕಯಮ್ಮ ಬಂದ್ಳು, ಅವಳ ಕಂಕುಳಲ್ಲಿ ಐದು ತಿಂಗಳ ಕೂಸು. ಇಲಿ ಬಂದು ಕೂಸಿನ ಬೆರಳು ಕಚ್ಚಿದ್ರೆ ಏನು ಗತಿ ಮುನಿಶಾಮಕ್ಕ ಅಂದ್ಳು. ಅವಳಿಗೂ ಕೊಟ್ಟೆ. ಬುಧವಾರ ದೊಡ್ಡಮುನಿಯಪ್ಪನಿಗೆ. ಹಿಂಗೆ ಪಾಳಿ ಶುರುವಾಯ್ತು. ನೀರು ಬಿಡೋ ನೀರಗಂಟಿ ಹಂಗೆ ನಾನು ಯಾರಿಗೆ ಯಾವತ್ತು ಅಂತ ಹೇಳ್ತಿದ್ದೆ. ಹಗಲೆಲ್ಲಾ ಅವಳು ನಮ್ಮ ಗುಡಿಸಲಲ್ಲೇ. ರತ್ನಿ ಅವಳ ಕಿವಿ ಹಿಂದೆ ಚಿಗಟ ಹೆಕ್ಕಿ ಉಗುರಲ್ಲಿ ಕುಕ್ಕೋಳು, ನಾನು ಎಣಿಸೋಳು. ಸಾವಿರಕ್ಕೆ ಬಂದಾಗ ಪಾಯಸ ಮಾಡೋಣ ಕಣೇ ಅಂದಿದ್ದೆ.

ಶುಕ್ರವಾರ ಪೆದ್ದಪ್ಪನಿಗೆ ಜ್ವರ ಬಂತು. ತೊಡೆ ಸಂದೀಲಿ ನಿಂಬೆಹಣ್ಣಿನಷ್ಟು ಗಡ್ಡೆ. ಶನಿವಾರ ಅಕ್ಕಯಮ್ಮನ ಕೂಸು ಹಾಲು ಕುಡೀಲಿಲ್ಲ. ಭಾನುವಾರ ಬೆಳಿಗ್ಗೆ ಪೆದ್ದಪ್ಪನ್ನ ಹೊತ್ಕೊಂಡು ಹೋಗೋವಾಗ ದೊಡ್ಡಮುನಿಯಪ್ಪ ಹೆಗಲು ಕೊಡೋಕೆ ಎದ್ದೋನು ಹಂಗೇ ಕುಸಿದು ಕೂತ. ಬೇರೆ ಗುಡಿಸಲಲ್ಲಿ ಒಬ್ಬರಿಗೂ ಒಂದು ಕೆಮ್ಮಿಲ್ಲ. ಜನ ಅಮ್ಮನೋರಿಗೆ ಹರಕೆ ಕಟ್ಟಿದ್ರು, ಊರು ಬಿಡೋವಾಗ ಪೂಜೆ ಸರಿಯಾಗಲಿಲ್ಲ ಅಂದ್ರು. ನಾನು ಸುಮ್ಮನೆ ಕೂತು ಬೆರಳು ಮಡಿಸ್ದೆ. ಸೋಮವಾರ, ಮಂಗಳವಾರ, ಬುಧವಾರ. ಓದು ಬರಹ ಬರದೋಳಿಗೂ ಅಷ್ಟು ಎಣಿಕೆ ಬರುತ್ತೆ. ನನ್ನ ಮುಂದೆ ದೊರೆಸಾನಿ ಹಿಂಗಾಲಲ್ಲಿ ಕತ್ತು ಕೆರ್ಕೊಳ್ತಾ ಇದ್ದಳು, ರತ್ನಿ ಅವಳ ಹೊಟ್ಟೆ ಮೇಲೆ ತಲೆ ಇಟ್ಟು ಮಲಗಿದ್ದಳು.

ಆವಲಪ್ಪನ್ನ ಪಕ್ಕಕ್ಕೆ ಕರೆದು ಹೇಳ್ದೆ. ಆ ಸೈಕಲ್ ಹುಡುಗ ಹೇಳಿದ್ದು ನಿಜ ಕಣೋ, ಬೆಕ್ಕು ಊರಿಂದ ಚಿಗಟ ಹೊತ್ಕೊಂಡು ಬರ್ತಾ ಇದೆ, ಹೋದ ಗುಡಿಸಲಿಗೆಲ್ಲಾ ಸಾವು ಹೋಗಿದೆ ಅಂತ. ಅವನು ನನ್ನ ಮುಖ ನೋಡಿ ನಕ್ಕ. ನಿನ್ನ ಚೇಳು ಮೇಕೆಯಷ್ಟಿತ್ತು, ನಿನ್ನ ಹಾವು ಕೆರೆ ಕಟ್ಟೆಯಷ್ಟಿತ್ತು, ಈಗ ಚಿಗಟ ಮೂರು ಮನೆ ನುಂಗ್ತಾ ಅಂದ. ಇಲಿ ತಿನ್ನೋ ಪ್ರಾಣಿಯಿಂದ ಇಲಿ ರೋಗ ಬರುತ್ತಾ ಅಂದ. ಅವನದೇನು ತಪ್ಪು, ಮೂವತ್ತು ವರ್ಷ ನಾನು ಅವನ ಕಿವಿಗೆ ಅಂಥದ್ದೇ ತುಂಬಿದ್ದೆ.

ಇನ್ನು ನಾನೇ ಮಾಡಬೇಕು ಅಂತ ಗೊತ್ತಾಯ್ತು. ದೊರೆಸಾನೀನ ಗೋಣಿ ಚೀಲಕ್ಕೆ ಹಾಕಿ, ಬಾಯಿ ಬಿಗಿದು, ಕೆರೆ ಹತ್ತಿರ ಹೋದೆ. ಚೀಲದೊಳಗೆ ಒಂದು ಕಲ್ಲೂ ಹಾಕಿದ್ದೆ. ನೀರು ಮೊಣಕಾಲಿಗೆ ಬರೋವರೆಗೂ ಇಳಿದೆ. ಬೆಕ್ಕು ಕೊಂದ ಮನೇಲಿ ಮಕ್ಕಳು ನಿಲ್ಲಲ್ಲ ಅಂತ ನಮ್ಮತ್ತೆ ಹೇಳೋರು, ಚಿನ್ನದ ಬೆಕ್ಕು ಮಾಡಿಸಿ ಕಾಶಿಗೆ ಕೊಟ್ರೂ ಆ ಪಾಪ ಹೋಗಲ್ಲ ಅನ್ನೋರು. ನನ್ನ ತಲೆ ಮೇಲೆ ಬಂದ್ರೆ ಬರಲಿ, ನಾನು ಮುದುಕಿ. ಆದ್ರೆ ಆ ಪಾಪ ಮುದುಕಿಯರನ್ನ ಹುಡುಕ್ಕೊಂಡು ಬರಲ್ಲ, ಮನೇಲಿ ಎಲ್ಲರಿಗಿಂತ ಚಿಕ್ಕೋರು ಯಾರೋ ಅವರನ್ನ ಹಿಡಿಯುತ್ತೆ. ನಮ್ಮನೇಲಿ ಚಿಕ್ಕೋಳು ಅಂದ್ರೆ ರತ್ನಿ ಒಬ್ಬಳೇ. ಎಷ್ಟು ಹೊತ್ತು ನೀರಲ್ಲಿ ನಿಂತಿದ್ದೆ ಅಂದ್ರೆ ಕಾಲ ಬೆರಳೆಲ್ಲಾ ಮರಗಟ್ಟಿದ್ವು. ಮಗೂನ ಉಳಿಸಬೇಕು ಅಂತಾನೇ ಚೀಲ ಎತ್ಕೊಂಡು ದಡಕ್ಕೆ ಬಂದೆ.

ಬೇರೆ ಊರಿಗೆ ಬಿಟ್ರೆ ಅಲ್ಲಿನ ಮಕ್ಕಳು ಸಾಯ್ತವೆ. ಉಳಿದಿದ್ದು ಒಂದೇ ದಾರಿ. ನಮ್ಮೂರಿಗೇ ಹೋದೆ. ಬೀದೀಲಿ ಇಲಿ ಸತ್ತ ವಾಸನೆ, ನನ್ನ ಹೆಜ್ಜೆ ಸದ್ದು ನನಗೇ ಹೊಡೆದಂಗೆ ಕೇಳಿಸ್ತಿತ್ತು. ನಮ್ಮನೆ ಉಗ್ರಾಣದ ಕೋಣೇಲಿ ಅವಳನ್ನ ಬಿಟ್ಟು, ಒಂದು ಮಡಕೆ ನೀರಿಟ್ಟು, ಬಾಗಿಲು ಎಳೆದು ಚಿಲಕ ಹಾಕ್ದೆ. ಒಳಗಿಂದ ಕೂಗಿದ್ಳು. ನಾನು ತಿರುಗಿ ನೋಡದೆ ಬಂದು ಹುಣಸೆ ಮರದ ಕೆಳಗೆ ಕೂತೆ. ಊರೊಳಗೆ ಕಾಲಿಟ್ಟಿದ್ದೆ, ಇನ್ನು ಹತ್ತು ದಿನ. ಗಂಗುಲಪ್ಪ ದೂರದಿಂದಲೇ ಬೈದ. ಈ ವಯಸ್ಸಲ್ಲಿ ನಿಂಗ್ಯಾಕಮ್ಮ ಬೇಕಿತ್ತು ಇದು ಅಂದ. ಹತ್ತು ದಿನ ತಾನೇ, ನನ್ನ ಮಗು ಬದುಕಿದ್ರೆ ಹತ್ತು ವರ್ಷ ಕೂತಿರ್ತೀನಿ ಅಂತ ಅಂದ್ಕೊಂಡೆ.

ಎರಡು ದಿನ ಕಳೀತು. ಮೂರನೇ ದಿನ ಬಿಸಿಲೇರೋ ಹೊತ್ತಲ್ಲಿ ಊರ ಕಡೆಯಿಂದ ಬದುವಿನ ಮೇಲೆ ಒಂದು ಬಿಳೀದು ಬರ್ತಾ ಇತ್ತು, ಬಾಲ ಎತ್ಕೊಂಡು. ಉಗ್ರಾಣದ ಹೆಂಚು ಸರಿಸ್ಕೊಂಡು ಬಂದಿದ್ಳೋ ಏನೋ. ನಾನಿದ್ದ ಮರದ ಪಕ್ಕಾನೇ ಹೋದ್ಳು. ಎದ್ದು ಓಡ್ದೆ, ಕಲ್ಲು ತಗೊಂಡು ಹೊಡೆದೆ, ಒಂದೂ ತಗುಲಲಿಲ್ಲ. ನನಗೆ ಇನ್ನೂ ಎಂಟು ದಿನ ಗುಡಿಸಲಿಗೆ ಹೋಗೋ ಹಂಗಿರಲಿಲ್ಲ, ಅವಳನ್ನ ಯಾರು ತಡೀತಾರೆ. ಸೊಸೆ ಬಾಗಿಲಲ್ಲಿ ನಿಂತಿದ್ಳು. ಗಂಟಲು ಹರಿಯೋ ಹಂಗೆ ಕೂಗ್ದೆ.

"ಶಾಮಲಾ, ಬೆಕ್ಕನ್ನ ಮಗೂ ಹತ್ತಿರ ಬಿಡಬೇಡ್ವೇ, ನಿನ್ನ ಕಾಲಿಗೆ ಬೀಳ್ತೀನಿ."

ಅವಳಿಗೆ ಕೇಳಿಸ್ತು. ನನ್ನ ಕಡೆ ನೋಡಿದ್ಳು. ಅಷ್ಟರಲ್ಲಿ ಒಳಗಿಂದ ರತ್ನಿ ಓಡಿ ಬಂದು ದೊರೆಸಾನೀನ ಎತ್ಕೊಂಡು ಮುಖಕ್ಕೆ ಒತ್ಕೊಂಡ್ಳು.

ಆರನೇ ದಿನ ಆವಲಪ್ಪ ಊಟ ಇಡೋಕೆ ಬಂದೋನು ಇಡದೆ ನಿಂತ. ರತ್ನಿ ಮೈ ಸುಡ್ತಿದೆ ಅಂದ. ಗಡ್ಡೆ ಎದ್ದಿದೆ ಅಂದ. ಮೊದಲೇ ಕಚ್ಚಿತ್ತೋ, ಬೆಕ್ಕು ತಿರುಗಿ ಬಂದ ಮೇಲೆ ಕಚ್ಚಿತೋ, ಇವತ್ತಿಗೂ ನನಗೆ ಗೊತ್ತಿಲ್ಲ. ನಾನು ಎದ್ದೆ. ಬರಬೇಡ ಅಮ್ಮ, ಊರೋರೆಲ್ಲಾ ಕೋಲು ಹಿಡ್ಕೊಂಡು ನಿಂತಿದ್ದಾರೆ, ನೀನು ಊರೊಳಗಿಂದ ರೋಗ ತಂದೆ ಅಂತ ನಮ್ಮನ್ನೂ ಓಡಿಸ್ತಾರೆ ಅಂದ. ಹಂಗಾದ್ರೆ ಮಗೂನ ಇಲ್ಲಿಗೆ ತಂದು ಕೊಡ್ರೋ, ಬಂದಿರೋ ರೋಗ ಇನ್ನೆಷ್ಟು ಬರುತ್ತೆ ಅಂತ ಬೇಡ್ಕೊಂಡೆ. ಶಾಮಲ ಒಪ್ಪಲಿಲ್ಲ. ಹೆತ್ತೋಳು ಹೆಂಗೆ ಒಪ್ತಾಳೆ.

ಸಾಯಂಕಾಲ ಅವಳೇ ಮಗೂನ ಎತ್ಕೊಂಡು ಬದುವಿನವರೆಗೂ ಬಂದ್ಳು. ನಡುವೆ ನಲವತ್ತು ಹೆಜ್ಜೆ. ರತ್ನಿ ಕತ್ತು ಅಮ್ಮನ ಹೆಗಲ ಮೇಲೆ ನಿಲ್ತಿರಲಿಲ್ಲ.

"ಅವ್ವಾ, ಅಲ್ಲೇ ಯಾಕೆ ಕೂತಿದ್ದೀಯ?"

"ಒಂದು ಹುಲಿ ನನ್ನ ಸೆರಗು ಹಿಡ್ಕೊಂಡಿದೆ ಕಣೇ ಬುಜ್ಜಿ. ಅದು ಬಿಟ್ಟ ತಕ್ಷಣ ಬರ್ತೀನಿ."

"ಎಷ್ಟು ದೊಡ್ಡದು?"

"ಬೆಟ್ಟದಷ್ಟು. ಬಾಲ ಶ್ರೀನಿವಾಸಪುರದಲ್ಲಿದೆ."

ನಕ್ಕಳು ಅಂತ ಅಂದ್ಕೊಂಡೆ. ಅಷ್ಟು ದೂರದಿಂದ ಕಾಣಲಿಲ್ಲ.

ಎಂಟನೇ ದಿನ ಬೆಳಿಗ್ಗೆ ಗುಡಿಸಲಿಂದ ಶಾಮಲನ ಕೂಗು ಬಂತು. ಕೆರೆ ಕಟ್ಟೆ ಮೇಲೆ ನಾಲ್ಕು ಜನ ಹೋಗಿದ್ದು ಕಾಣಿಸ್ತು. ಅಷ್ಟು ಚಿಕ್ಕದನ್ನ ಹೊರೋಕೆ ನಾಲ್ಕು ಜನ ಬೇಕಾಗಿರಲಿಲ್ಲ. ಗುಡಿಸಲಿಗೂ ಕಂಬಳಿಗೂ ಬೆಂಕಿ ಇಟ್ರು. ಬೆಂಕಿ ಕಂಡು ದೊರೆಸಾನಿ ಓಡಿಹೋದೋಳು ಆಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ಇನ್ನೆರಡು ದಿನ ನಾನು ಆ ಮರದ ಕೆಳಗೇ ಇದ್ದೆ. ಯಾಕೆ ಇದ್ದೆ ಅಂತ ಕೇಳಬೇಡಿ. ಚಿಗಟ ನನ್ನನ್ನೂ ಕಚ್ಚಿದ್ವು, ಮೈಯೆಲ್ಲಾ ದದ್ದು. ಒಂದು ಸೀನೂ ಬರಲಿಲ್ಲ ನನಗೆ.

ಹತ್ತು ದಿನ ಮುಗೀತು, ಆವಲಪ್ಪ ಬಂದು ಕರ್ಕೊಂಡು ಹೋದ. ಅವನ ಭಾವಮೈದುನ ಬೇರೆ ಹೊಲದಲ್ಲಿ ಹೊಸ ಗುಡಿಸಲು ಹಾಕಿಕೊಟ್ಟಿದ್ದ. ಶಾಮಲ ತಟ್ಟೆಗೆ ಮುದ್ದೆ ಹಾಕಿ ನನ್ನ ಮುಂದೆ ಇಟ್ಟಳು. ಬೈತಾಳೆ ಅಂತ ಕಾದೆ. ಬೈದಿದ್ರೆ ಎಷ್ಟೋ ವಾಸಿ ಇತ್ತು. ಎದುರಿಗೆ ಕೂತು ನೆಲ ನೋಡ್ತಾ ಮೆಲ್ಲಗೆ ಹೇಳಿದ್ಳು.

"ನೀವು ಕೂಗಿದಾಗ ನಿಜ ಇರಬಹುದು ಅಂತ ನನಗೆ ಅನ್ನಿಸ್ತು ಅತ್ತೆ. ಕಿತ್ಕೊಳ್ಳೋಣ ಅಂತ ಹೋದೆ. ನೀವು ಹೋದಾಗಿಂದ ಊಟ ಬಿಟ್ಟಿತ್ತು ಮಗು. ಬೆಕ್ಕು ಸಿಕ್ಕಿದ್ದಕ್ಕೆ ನಗ್ತಾ ಇತ್ತು. ಒಂದು ತುತ್ತು ತಿನ್ನಲಿ, ಆಮೇಲೆ ಕಿತ್ಕೊಂಡ್ರಾಯ್ತು ಅಂದ್ಕೊಂಡೆ."

ತಟ್ಟೆ ಅವಳ ಕಡೆ ತಳ್ಳಿದೆ. ಅವಳೂ ಅದನ್ನ ಮುಟ್ಟಲಿಲ್ಲ.